ಅತ್ತೆಯ ಪೆಟ್ಟಿಗೆಯ ಎರಡು ಬೆಳ್ಳಿ ರೂಪಾಯಿ, ಮಗಳ ಮೂರು ಪ್ರಶ್ನೆ: ಬ್ರಿಟನ್ನಿನ ರಾಣಿಯರ ಬಗ್ಗೆ ಗೊತ್ತಿದ್ದವರು ಹೇಳಿ

ಪ್ರಶ್ನೆ: ಪಿ.ಜೆ. ಬಡಾವಣೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ ಜಗಳೂರಿನ ಕಡೆಯವರು. ಅವರ ತಾಯಿ ಕೊಟ್ಟ ಎರಡು ಬೆಳ್ಳಿ ರೂಪಾಯಿ ನಮ್ಮ ದೇವರ ಮನೆಯಲ್ಲಿವೆ. ವರಮಹಾಲಕ್ಷ್ಮಿ ಹಬ್ಬದ ದಿನ ಕಳಶದ ಮುಂದೆ ಇಡುತ್ತೇವೆ. ಮಾರನೇ ದಿನ ಬಟ್ಟೆಯಲ್ಲಿ ಸುತ್ತಿ ಮತ್ತೆ ಪೆಟ್ಟಿಗೆಗೆ ಹಾಕುತ್ತೇವೆ. ಮದುವೆಯಾಗಿ ಹದಿನಾರು ವರ್ಷವಾಯಿತು. ಅವುಗಳ ಮೇಲೆ ಏನು ಬರೆದಿದೆ ಅಂತ ನಾನು ಒಂದು ದಿನವೂ ಓದಿರಲಿಲ್ಲ.

ಈ ಸಲ ಎಂಟನೇ ಕ್ಲಾಸಿನ ಮಗಳು ಕೈಗೆ ತಗೊಂಡು ಕೂತಳು. ಎರಡರಲ್ಲೂ ಒಬ್ಬಳೇ ಹೆಂಗಸು. ಒಂದರಲ್ಲಿ ‘ವಿಕ್ಟೋರಿಯಾ ಕ್ವೀನ್’ ಅಂತಿದೆ, ಹಿಂದೆ 1862. ಇನ್ನೊಂದರಲ್ಲಿ ‘ವಿಕ್ಟೋರಿಯಾ ಎಂಪ್ರೆಸ್’, ಹಿಂದೆ 1891. “ಇವಳು ಯಾರಮ್ಮ?” ಅಂದಳು. ಇಂಗ್ಲೆಂಡಿನ ರಾಣಿ ಅಂದೆ. “ಹಾಗಾದ್ರೆ ರಾಜ ಎಲ್ಲಿ? ಇವಳ ಗಂಡನ ಮುಖ ಯಾಕಿಲ್ಲ?” ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಅಲ್ಲಿಗೇ ನಿಲ್ಲಲಿಲ್ಲ. ಶಾಲೆಯಲ್ಲಿ ಐದು ನಿಮಿಷ ಮಾತಾಡಲು ಇದೇ ವಿಷಯ ತಗೊಂಡಿದ್ದಾಳೆ. ಫೋನಿನಲ್ಲಿ ಹುಡುಕಿದರೆ ಒಂದು ಕಡೆ ಆರು ರಾಣಿಯರು ಅಂತಾರೆ, ಇನ್ನೊಂದು ಕಡೆ ಏಳು, ಮತ್ತೊಂದು ಕಡೆ ಎಂಟು. ಅವಳ ಪ್ರಶ್ನೆಗಳನ್ನು ಅವಳ ಮಾತಲ್ಲೇ ಹಾಕುತ್ತಿದ್ದೇನೆ.

ಗಂಡ ಯಾಕೆ ರಾಜ ಆಗಲಿಲ್ಲ? ನಿಜವಾಗಿ ಆಳಿದ ರಾಣಿಯರು ಎಷ್ಟು ಜನ? ಅಷ್ಟೊಂದು ರಾಜರಿದ್ದಾಗ ರಾಣಿಯರು ಯಾಕೆ ಇಷ್ಟೇ ಇಷ್ಟು?

ಓದಿ ಹೇಳುವವರು ಇದ್ದರೆ ದಯವಿಟ್ಟು ಬರೆಯಿರಿ. ಮುಂದಿನ ಶನಿವಾರ ಅವಳು ಮಾತಾಡಬೇಕು.

ಉತ್ತರ 1: ಮಂಡಿಪೇಟೆ ಬೆಳ್ಳಿ ಅಂಗಡಿ

ಅಕ್ಕಾರೇ, ಇತಿಹಾಸ ಬೇರೆಯವರು ಹೇಳಲಿ, ನಾಣ್ಯದ ಮಾತು ನಾನು ಹೇಳುತ್ತೇನೆ. ಮೂವತ್ತು ವರ್ಷದಿಂದ ಇವನ್ನು ತೂಗುತ್ತಿದ್ದೇನೆ.

ಸರಿಯಾದ ರೂಪಾಯಿ 11.66 ಗ್ರಾಂ ತೂಗಬೇಕು. ಅದೇ ಹಳೇ ಒಂದು ತೊಲ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಸವೆದಿದ್ದರೆ ಸ್ವಲ್ಪ ಕಡಿಮೆ ಬರುತ್ತದೆ. ಈಗ ಪೂಜೆಗೆ ಅಂತ ಇದೇ ಅಚ್ಚಿನ ಹೊಸ ನಾಣ್ಯಗಳೂ ಬರುತ್ತವೆ, ಆದರೆ ಅತ್ತೆಯವರ ತಾಯಿಯ ಕಾಲದ್ದು ಅಂದರೆ ನಿಮ್ಮದು ಹಳೆಯದೇ ಇರಬೇಕು.

1876ರ ತನಕ ‘ಕ್ವೀನ್’, 1877ರಿಂದ ‘ಎಂಪ್ರೆಸ್’. ಅಂದರೆ ರಾಣಿ ಇದ್ದವಳು ಚಕ್ರವರ್ತಿನಿ ಆದಳು. ಇನ್ನೊಂದು ಮಾತು. 1862 ಅಂತ ಇದ್ದ ಮಾತ್ರಕ್ಕೆ ಆ ವರ್ಷವೇ ಅಚ್ಚಾಗಿದ್ದು ಅಂತಲ್ಲ. ಸುಮಾರು ಹನ್ನೆರಡು ವರ್ಷ ಟಂಕಸಾಲೆಯವರು ಅದೇ ಇಸವಿ ಹಾಕುತ್ತಾ ಹೋದರು. ಸಣ್ಣ ಚುಕ್ಕಿಗಳಲ್ಲಿ ಮಾತ್ರ ವ್ಯತ್ಯಾಸ. ಮಗಳಿಗೆ ಭೂತಗನ್ನಡಿ ಕೊಟ್ಟು ಹುಡುಕಲು ಹೇಳಿ.

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಮುಖ ಅಳಿಸಿ ಹೋದರೆ ಮತ್ತೆ ಬರುವುದಿಲ್ಲ.

ಉತ್ತರ 2: ನಿವೃತ್ತ ಟೀಚರ್, ಚಿತ್ರದುರ್ಗ

ತಂಗಿ, ನಾನು 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಹುಟ್ಟಿದ್ದು ಹಿರಿಯೂರು ತಾಲ್ಲೂಕಿನಲ್ಲಿ, ಈಗ ದುರ್ಗದಲ್ಲಿದ್ದೇನೆ. ‘ಇವಳ ಗಂಡನ ಮುಖ ಯಾಕಿಲ್ಲ’ ಎಂದು ನನ್ನ ತರಗತಿಯಲ್ಲಿ ಒಬ್ಬರೂ ಕೇಳಿರಲಿಲ್ಲ. ಓದಿ ತುಂಬಾ ಸಂತೋಷವಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಪುಟ್ಟಿಗೆ ಬೇಕಾದ್ದನ್ನು ಆರಿಸಿಕೊಳ್ಳಲಿ.

‘ರಾಣಿ’ ಅನ್ನುವ ಒಂದೇ ಮಾತನ್ನು ನಾವು ಮೂರು ಥರದವರಿಗೆ ಬಳಸುತ್ತೇವೆ. ರಾಜನ ಹೆಂಡತಿ ರಾಣಿ. ಮಗ ದೊಡ್ಡವನಾಗುವ ತನಕ ರಾಜ್ಯ ನೋಡಿಕೊಳ್ಳುವ ತಾಯಿಯೂ ರಾಣಿ. ತಾನೇ ಗದ್ದುಗೆ ಏರಿದವಳೂ ರಾಣಿ. ಎರಡನೇ ಥರದವರು ನಮ್ಮ ಜಿಲ್ಲೆಯಲ್ಲೇ ಕಣ್ಣಿಗೆ ಕಾಣುತ್ತಾರೆ. ಹಿರಿಯೂರಿನ ಮಾರಿಕಣಿವೆಗೆ ವಾಣಿವಿಲಾಸ ಸಾಗರ ಎಂದು ಹೆಸರು ಬಂದದ್ದು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರಿಂದ. ಗಂಡ ಚಾಮರಾಜೇಂದ್ರ ಒಡೆಯರು 1894ರ ಕೊನೆಯಲ್ಲಿ ತೀರಿಕೊಂಡರು. ಮಗ ನಾಲ್ವಡಿ ಕೃಷ್ಣರಾಜರು ಇನ್ನೂ ಹುಡುಗ. 1902ರಲ್ಲಿ ಮಗನ ಕೈಗೆ ಅಧಿಕಾರ ಒಪ್ಪಿಸುವ ತನಕ ಸಂಸ್ಥಾನವನ್ನು ಅವರು ನೋಡಿಕೊಂಡರು. ವೇದಾವತಿಗೆ ಕಟ್ಟೆ ಹಾಕುವ ಕೆಲಸ ಶುರುವಾದದ್ದೂ ಅವರ ಕಾಲದಲ್ಲೇ, 1898ರಲ್ಲಿ. ಆದರೆ ಗದ್ದುಗೆ ಮಗನದು.

ನಿಮ್ಮ ನಾಣ್ಯದ ವಿಕ್ಟೋರಿಯಾ ಮೂರನೇ ಥರದವಳು. ಗದ್ದುಗೆ ಅವಳದೇ. ಆಲ್ಬರ್ಟ್ ಜರ್ಮನಿಯಿಂದ ಬಂದ ರಾಜಕುಮಾರ. 1840ರಲ್ಲಿ ಮದುವೆಯಾಯಿತು. ರಾಣಿಗೆ ಬೇರೆಯವರು ಮದುವೆಯ ಮಾತು ಎತ್ತುವ ಹಾಗಿರಲಿಲ್ಲ, ಹಾಗಾಗಿ ಅವಳೇ ಅವನನ್ನು ಕೇಳಿದಳು. ರಾಜನ ಹೆಂಡತಿ ತಾನಾಗಿ ರಾಣಿ ಆಗುತ್ತಾಳೆ, ರಾಣಿಯ ಗಂಡ ತಾನಾಗಿ ರಾಜ ಆಗುವುದಿಲ್ಲ. ರಾಜ ಎಂಬ ಹೆಸರು ಮೇಲಿನದು, ಕೊಟ್ಟರೆ ಹೆಂಡತಿ ಕೆಳಗಾಗುತ್ತಾಳೆ ಎಂಬ ಭಯ. ಅದಕ್ಕೇ ರೂಪಾಯಿಯ ಮೇಲೆ ಅವಳೊಬ್ಬಳೇ.

ಈಗ ಎಣಿಕೆ. ಒಂದನೇ ಮೇರಿ, ಒಂದನೇ ಎಲಿಜಬೆತ್, ಎರಡನೇ ಮೇರಿ, ಆನ್, ವಿಕ್ಟೋರಿಯಾ, ಎರಡನೇ ಎಲಿಜಬೆತ್. ಈ ಆರು ಜನರ ಬಗ್ಗೆ ತಕರಾರಿಲ್ಲ. 1553ರ ಜುಲೈನಲ್ಲಿ ಒಂಬತ್ತು ದಿನ ರಾಣಿಯಾಗಿದ್ದ ಜೇನ್ ಗ್ರೇಯನ್ನು ಸೇರಿಸಿದರೆ ಏಳು. ಪಾಪ, ದೊಡ್ಡವರು ಕೂರಿಸಿದರು, ದೊಡ್ಡವರೇ ಕೈಬಿಟ್ಟರು. ಮುಂದಿನ ಫೆಬ್ರವರಿಯಲ್ಲಿ ಅವಳ ತಲೆ ಹೋಯಿತು. ಇನ್ನೂ ಇಪ್ಪತ್ತು ತುಂಬದ ಹುಡುಗಿ. 1141ರ ಮಟಿಲ್ಡಾಳನ್ನೂ ಸೇರಿಸುವವರು ಎಂಟು ಅನ್ನುತ್ತಾರೆ, ಅವಳಿಗೆ ಪಟ್ಟಾಭಿಷೇಕ ಆಗಲೇ ಇಲ್ಲ. ಸ್ಕಾಟ್ಲೆಂಡಿನ ಮೇರಿಯ ಕಥೆ ಬೇರೆ, ಅದು ಆಗ ಬೇರೆ ರಾಜ್ಯ.

ಮೂರನೇ ಪ್ರಶ್ನೆಯೇ ನನಗೆ ಮುಖ್ಯ. ರಾಣಿಯರು ಯಾಕೆ ಇಷ್ಟು ಕಡಿಮೆ? ಉತ್ತರ ಒಂದೇ ಸಾಲು. ತಮ್ಮ ಹುಟ್ಟಿದರೆ ಅಕ್ಕ ಹಿಂದೆ ಸರಿಯಬೇಕಿತ್ತು. ಈ ಆರು ಜನರಲ್ಲಿ ಒಬ್ಬೊಬ್ಬರ ಕಥೆಯನ್ನೂ ಈ ಸಾಲು ಹಿಡಿದು ಓದಿ ನೋಡಿ.

ಎಂಟನೇ ಹೆನ್ರಿಗೆ ಮೊದಲು ಉಳಿದ ಮಗು ಮೇರಿ, 1516ರಲ್ಲಿ ಹುಟ್ಟಿದ್ದು. ಗಂಡು ಬೇಕು ಎಂದು ಅವಳ ತಾಯಿಯನ್ನು ದೂರ ಮಾಡಿ ಆನ್ ಬೊಲಿನ್‌ಳನ್ನು ಮದುವೆಯಾದ. 1533ರಲ್ಲಿ ಆನ್ ಹೆರುವ ಮೊದಲೇ ‘ರಾಜಕುಮಾರ ಹುಟ್ಟಿದ’ ಎಂದು ಪತ್ರಗಳನ್ನು ಬರೆದಿಟ್ಟಿದ್ದರು. ಹುಟ್ಟಿದ್ದು ಎಲಿಜಬೆತ್. ಆಮೇಲೆ ‘ಪ್ರಿನ್ಸ್’ ಎಂಬ ಪದಕ್ಕೆ ಅಕ್ಷರ ತುರುಕಿ ‘ಪ್ರಿನ್ಸೆಸ್’ ಮಾಡಿ ಕಳಿಸಿದರು. ನಮ್ಮ ಕಡೆ ಸಾಲಾಗಿ ಹೆಣ್ಣು ಹುಟ್ಟಿದ ಮನೆಗಳಲ್ಲಿ ಕೊನೆಯವಳಿಗೆ ಸಾಕಮ್ಮ ಎಂದು ಹೆಸರಿಡುತ್ತಿದ್ದರು, ಇನ್ನು ಹೆಣ್ಣು ಸಾಕು ಎಂದು. ಹಾಜರಿ ಕರೆಯುವಾಗ ಆ ಹೆಸರು ಬಂದರೆ ನನಗೆ ಆ ಪತ್ರ ನೆನಪಾಗುತ್ತಿತ್ತು. ಆ ಹುಡುಗಿಯರು ಎದ್ದು ನಿಂತು ‘ಬಂದಿದ್ದೇನೆ ಮಿಸ್’ ಅನ್ನುವಾಗ ನಾನು ಅವರ ಮುಖ ನೋಡಿ ನಗುತ್ತಿದ್ದೆ, ಅದೊಂದು ನನ್ನ ಪದ್ಧತಿಯಾಗಿತ್ತು.

1537ರಲ್ಲಿ ತಮ್ಮ ಎಡ್ವರ್ಡ್ ಹುಟ್ಟಿದ. ಮೇರಿ ಅವನಿಗಿಂತ 21 ವರ್ಷ ದೊಡ್ಡವಳು. ಆದರೂ ಒಂಬತ್ತು ವರ್ಷದ ಹುಡುಗನೇ ರಾಜ. ಅವನು 15ಕ್ಕೆ ತೀರಿಕೊಂಡ ಮೇಲೆ ಮೇರಿಗೆ ದಾರಿಯಾಯಿತು. ಅವಳು 1558ರ ನವೆಂಬರ್ 17ರಂದು ಮಕ್ಕಳಿಲ್ಲದೆ ಸತ್ತ ಮೇಲೆ ಎಲಿಜಬೆತ್‌ಗೆ. ಅಕ್ಕ ಸ್ಪೇನಿನ ಫಿಲಿಪ್‌ನನ್ನು ಮದುವೆಯಾಗಿ ಜನರ ಸಿಟ್ಟು ಕಟ್ಟಿಕೊಂಡದ್ದನ್ನು ತಂಗಿ ಹತ್ತಿರದಿಂದ ನೋಡಿದ್ದಳು. ಅವಳು ಮದುವೆಯೇ ಆಗದೆ 44 ವರ್ಷ ಆಳಿದಳು. 1600ರ ಡಿಸೆಂಬರ್ 31ರಂದು ಲಂಡನ್ನಿನ ವ್ಯಾಪಾರಿಗಳಿಗೆ ಪೂರ್ವದ ವ್ಯಾಪಾರದ ಸನ್ನದು ಕೊಟ್ಟವಳೂ ಅವಳೇ. ಅದೇ ಈಸ್ಟ್ ಇಂಡಿಯಾ ಕಂಪನಿ. ಆ ಹೊತ್ತಿಗೆ ನಮ್ಮ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಆಳುತ್ತಿದ್ದರು, ಪೋರ್ಚುಗೀಸರು ಅವರನ್ನು ಕಾಳುಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ಪುಟ್ಟಿ ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಲಿ.

ಎರಡನೇ ಮೇರಿಯ ಕಥೆ ಇನ್ನೂ ವಿಚಿತ್ರ. ಅವಳು ಎರಡನೇ ಜೇಮ್ಸ್‌ನ ಹಿರಿ ಮಗಳು. ಪ್ರೊಟೆಸ್ಟೆಂಟ್, ಅಂದರೆ ಆ ದೇಶದ ಹೆಚ್ಚಿನ ಜನರ ಕ್ರೈಸ್ತ ಪಂಗಡದವಳು. ಕ್ಯಾಥೊಲಿಕ್ ಅಪ್ಪನ ನಂತರ ಇವಳೇ ಬರುತ್ತಾಳೆ ಎಂದು ದೇಶ ಕಾಯುತ್ತಿತ್ತು. 1688ರ ಜೂನ್‌ನಲ್ಲಿ ಅಪ್ಪನ ಎರಡನೇ ಹೆಂಡತಿಗೆ ಗಂಡು ಮಗು ಹುಟ್ಟಿತು. ಇನ್ನು ಮುಂದೆ ಕ್ಯಾಥೊಲಿಕ್ ಹುಡುಗನೇ ರಾಜನಾಗುತ್ತಾನೆ ಎಂದಾಯಿತು. ಅಷ್ಟಕ್ಕೇ ಕ್ರಾಂತಿ. ಹಾಸಿಗೆ ಬೆಚ್ಚಗೆ ಮಾಡುವ ಕೆಂಡದ ಪಾತ್ರೆಯಲ್ಲಿ ಯಾರದೋ ಮಗುವನ್ನು ತಂದಿಟ್ಟರು ಎಂದು ಗಾಳಿಸುದ್ದಿ ಹಬ್ಬಿಸಿದರು. ಅಪ್ಪ ಓಡಿಹೋದ. ಮೇರಿ ಗಂಡ ವಿಲಿಯಂ ಜೊತೆ 1689ರಲ್ಲಿ ಗದ್ದುಗೆ ಏರಿದಳು. ಅವನು ಯುದ್ಧಕ್ಕೆ ಹೋದಾಗಲೆಲ್ಲ ರಾಜ್ಯ ನೋಡಿಕೊಂಡವಳು ಅವಳು. 32ಕ್ಕೆ ಸಿಡುಬಿನಿಂದ ಸತ್ತಳು.

ಅವಳ ತಂಗಿ ಆನ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಾನು ಕಲಿಸಿದ ಪಾಠಗಳಲ್ಲಿ ಅವಳ ಹೆಸರು ಬರಲೇ ಇಲ್ಲ, ಆ ಬೇಸರ ನನಗಿದೆ. ಆನ್ 17 ಸಲ ಬಸುರಿಯಾದಳು. ಹೆಚ್ಚಿನವು ಹೊಟ್ಟೆಯಲ್ಲೇ ಹೋದವು. ಇಬ್ಬರು ಹೆಣ್ಣುಮಕ್ಕಳು 1687ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಸಿಡುಬಿಗೆ ಹೋದರು. ಉಳಿದ ಒಬ್ಬ ಮಗ ವಿಲಿಯಂ 11 ವರ್ಷದವನಾಗಿ 1700ರಲ್ಲಿ ಸತ್ತ. ಎರಡು ವರ್ಷದ ನಂತರ, 37ನೇ ವಯಸ್ಸಿನಲ್ಲಿ ಅವಳಿಗೆ ಪಟ್ಟಾಭಿಷೇಕ. ಕಾಲಿನ ಕೀಲು ಬಾವು ಎಷ್ಟಿತ್ತು ಎಂದರೆ ನಡೆಯಲಾಗದೆ ಕುರ್ಚಿಯಲ್ಲಿ ಹೊತ್ತು ತಂದರು. ಹಾಗೆ ಬಂದವಳು ಹನ್ನೆರಡು ವರ್ಷ ಆಳಿದಳು. ಮಂತ್ರಿಗಳ ಸಭೆಯಲ್ಲಿ ತಾನೇ ಕೂರುತ್ತಿದ್ದಳು. 1707ರ ಮೇ 1ರಂದು ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡೂ ಸೇರಿ ಗ್ರೇಟ್ ಬ್ರಿಟನ್ ಆದದ್ದು ಅವಳ ಕಾಲದಲ್ಲಿ. ಸರಿಯಾಗಿ ಹೇಳಬೇಕೆಂದರೆ ‘ಬ್ರಿಟನ್ನಿನ ರಾಣಿ’ ಎಂಬ ಹೆಸರು ಅವಳಿಂದಲೇ ಶುರು. ಪಾರ್ಲಿಮೆಂಟ್ ಒಪ್ಪಿದ ಮಸೂದೆಗೆ ‘ಒಪ್ಪುವುದಿಲ್ಲ’ ಎಂದು ಹೇಳಿದ ಕೊನೆಯ ದೊರೆಯೂ ಅವಳೇ, 1708ರಲ್ಲಿ. ಅವಳ ನಂತರ ಯಾವ ರಾಜನೂ ಹಾಗೆ ಹೇಳಿಲ್ಲ.

ನಮ್ಮ ದೊಡ್ಡಮ್ಮ ಆರು ಹೆತ್ತು ಒಂದನ್ನೂ ಉಳಿಸಿಕೊಳ್ಳಲು ಆಗಲಿಲ್ಲ. ಆದರೂ ಎಷ್ಟೋ ವರ್ಷ ಶೇಂಗಾ ಹೊಲದಲ್ಲಿ ಕಳೆ ಕಿತ್ತು ನಮ್ಮನ್ನೆಲ್ಲ ಸಾಕಿದರು. ಆನ್ ಬಗ್ಗೆ ಓದುವಾಗ ದೊಡ್ಡಮ್ಮನ ಕೈ ನನ್ನ ತಲೆ ಮೇಲಿದ್ದ ಹಾಗೆ ಅನ್ನಿಸುತ್ತದೆ.

ವಿಕ್ಟೋರಿಯಾಗೆ ಬರೋಣ. ಅವಳ ಅಪ್ಪ ರಾಜನ ನಾಲ್ಕನೇ ಮಗ. 1817ರಲ್ಲಿ ಮೊಮ್ಮಗಳು ಶಾರ್ಲೆಟ್ ಬಾಣಂತನದಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ವಾರಸುದಾರರೇ ಇಲ್ಲ ಎಂದು ವಯಸ್ಸಾದ ಚಿಕ್ಕಪ್ಪಂದಿರು ಗಡಿಬಿಡಿಯಲ್ಲಿ ಮದುವೆಯಾದರು. ಹಾಗೆ 1819ರಲ್ಲಿ ಹುಟ್ಟಿದವಳು ಇವಳು. 1837ರ ಜೂನ್ 20ರಂದು ಬೆಳಿಗ್ಗೆ ಆರಕ್ಕೆ ಎಬ್ಬಿಸಿ ‘ನೀನು ರಾಣಿ’ ಎಂದರು. ವಯಸ್ಸು 18. ಅಲ್ಲಿಯ ತನಕ ತಾಯಿಯ ಕೋಣೆಯಲ್ಲೇ ಮಲಗಬೇಕಿತ್ತು. ಮೊದಲ ದಿನವೇ ತನ್ನ ಹಾಸಿಗೆ ಬೇರೆ ಕೋಣೆಗೆ ಹಾಕಿಸಿದಳು. ಈ ಮಾತು ಕೇಳಿದರೆ ನನ್ನ ಹತ್ತನೇ ಕ್ಲಾಸಿನ ಹುಡುಗಿಯರೆಲ್ಲ ಎದ್ದು ಕೂರುತ್ತಿದ್ದರು.

ಆದರೆ ಒಂದು ರಾಜ್ಯ ಅವಳ ಕೈತಪ್ಪಿತು. ಬ್ರಿಟನ್ನಿನ ರಾಜರು ಜರ್ಮನಿಯ ಹ್ಯಾನೋವರಿಗೂ ರಾಜರಾಗಿದ್ದರು. ಅಲ್ಲಿ ವಂಶದಲ್ಲಿ ಗಂಡಸರು ಇರುವ ತನಕ ಹೆಣ್ಣಿಗೆ ಗದ್ದುಗೆ ಇಲ್ಲ. ಅದು ಚಿಕ್ಕಪ್ಪನಿಗೆ ಹೋಯಿತು. ಅದೇ ಹುಡುಗಿ, ಅದೇ ದಿನ, ಒಂದು ದೇಶಕ್ಕೆ ಬೇಕು, ಇನ್ನೊಂದಕ್ಕೆ ಬೇಡ.

ಎರಡನೇ ಎಲಿಜಬೆತ್ ಬಗ್ಗೆ ಎಲ್ಲರಿಗೂ ಗೊತ್ತು, ಹೆಚ್ಚು ಬರೆಯುವುದಿಲ್ಲ. 1936ರಲ್ಲಿ ದೊಡ್ಡಪ್ಪ ಗದ್ದುಗೆ ಬಿಟ್ಟ, ಅಪ್ಪ ರಾಜನಾದ, ತಮ್ಮಂದಿರಿಲ್ಲ. 1952ರಲ್ಲಿ ಅವಳು ರಾಣಿ. ನಮ್ಮ ಊರಿನವಳಾಗಿ ಒಂದು ನೆನಪು ಮಾತ್ರ ಹೇಳುತ್ತೇನೆ. 2022ರ ಸೆಪ್ಟೆಂಬರ್ ಮೊದಲ ವಾರ ವಾಣಿವಿಲಾಸ ಸಾಗರ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ನಾವು ಅಕ್ಕತಂಗಿಯರು ಬಾಗಿನ ತಗೊಂಡು ಹೋಗಿದ್ದೆವು. ಮನೆಗೆ ಬಂದು ಇನ್ನೂ ಆ ನೀರಿನ ಮಾತೇ ಆಡುತ್ತಿರುವಾಗ, 8ನೇ ತಾರೀಖು ರಾತ್ರಿ ಟಿ.ವಿ.ಯಲ್ಲಿ ಎಲಿಜಬೆತ್ ತೀರಿಕೊಂಡ ಸುದ್ದಿ. ನಾನು ಕೂತು ಲೆಕ್ಕ ಹಾಕಿದೆ. ಹಿಂದಿನ ಸಲ ಕೋಡಿ ಬಿದ್ದಾಗ ಆಕೆಗೆ ಏಳು ವರ್ಷ. ಆಗ ಅವಳು ರಾಣಿಯಾಗುವ ಮಾತೇ ಇರಲಿಲ್ಲ.

ಉತ್ತರ 3: ಕೋಟೆ ರಸ್ತೆ, ಚಿತ್ರದುರ್ಗ

ಮೇಡಂ, ತಿಳಿಸಿ ಹೇಳಿದ್ದಕ್ಕೆ ಧನ್ಯವಾದ. ಆದರೆ ನನ್ನದೊಂದು ನೋವಿದೆ. ಒಂದನೇ ಮೇರಿ ಧರ್ಮದ ಹೆಸರಿನಲ್ಲಿ 280ರಷ್ಟು ಜನರನ್ನು ಜೀವಂತ ಸುಡಿಸಿದವಳು. ಅದನ್ನು ನೀವು ಬರೆಯಲೇ ಇಲ್ಲ. ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರಿದ ದೆಹಲಿ ದರ್ಬಾರು ನಡೆದದ್ದು 1877ರ ಜನವರಿ 1ಕ್ಕೆ. ಆಗ ನಮ್ಮ ಬಯಲುಸೀಮೆಯಲ್ಲಿ ಧಾತು ಈಶ್ವರ ಸಂವತ್ಸರದ ಬರ. 1871ರಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದರು. ನಮ್ಮ ಹಿರಿಯರು ಮೊಳಕಾಲ್ಮೂರು ಕಡೆಯಿಂದ ಕೂಲಿ ಹುಡುಕಿ ನಡೆದು ಬಂದದ್ದು ಆ ಬರದಲ್ಲಿ ಎಂದು ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಮಗು ಶಾಲೆಯಲ್ಲಿ ಮಾತಾಡುವಾಗ ಇದೂ ಬರಬೇಕು ಅಲ್ವಾ?

ಉತ್ತರ 4: ನಿವೃತ್ತ ಟೀಚರ್, ಚಿತ್ರದುರ್ಗ

ಖಂಡಿತ ಬರಬೇಕು ಸರ್. ನಾನು ಬರೆಯಬೇಕಿತ್ತು. ನೆನಪಿಸಿದ್ದು ಒಳ್ಳೆಯದಾಯಿತು.

ಆ ‘ಎಂಪ್ರೆಸ್’ ಪದ ನಾಣ್ಯಕ್ಕೆ ಬಂದ ವರ್ಷವೂ 1877, ಬರದ ವರ್ಷವೂ ಅದೇ. ಪುಟ್ಟಿ ಎರಡೂ ರೂಪಾಯಿಗಳನ್ನು ಒಟ್ಟಿಗೆ ಎತ್ತಿ ತೋರಿಸಿ, ಇವೆರಡರ ನಡುವೆ ನಮ್ಮ ಕಡೆ ಎಷ್ಟು ಜನ ಕಡಿಮೆಯಾದರು ಎಂದು ಹೇಳಲಿ. ಎಂಟು ಲಕ್ಷ ಇಳಿಕೆ ಎಂದು ನೀವು ಕೊಟ್ಟ ಲೆಕ್ಕವನ್ನೇ ಹೇಳಲಿ. ಆ ರಾಣಿ ಒಂದು ಸಲವೂ ಇಂಡಿಯಾಕ್ಕೆ ಬರಲಿಲ್ಲ. 1887ರಿಂದ ಅಬ್ದುಲ್ ಕರೀಂ ಎಂಬ ಮುನ್ಷಿಯಿಂದ ಹಿಂದೂಸ್ತಾನಿ ಬರೆಯಲು ಕಲಿತಳು, ಅಷ್ಟು ದೂರ ಮಾತ್ರ ಬಂದಳು. ಇನ್ನೂ ಒಂದು. ಹೆಣ್ಣಾಗಿ 63 ವರ್ಷ ಆಳಿದವಳು, 1870ರಲ್ಲಿ ಹೆಂಗಸರ ಹಕ್ಕಿನ ಮಾತನ್ನು ಹುಚ್ಚುತನ ಎಂದು ಪತ್ರದಲ್ಲಿ ಬೈದಳು. ಇದನ್ನು ಓದಿದ ದಿನ ನನಗೆ ತುಂಬಾ ನೋವಾಗಿತ್ತು.

ಮೇರಿ ಸುಡಿಸಿದ್ದು ನಿಜ. ಅದಕ್ಕೆ ಯಾವ ಸಬೂಬೂ ಇಲ್ಲ. ಹೆಂಗಸರು, ಕೂಲಿ ಮಾಡುವವರು, ನೇಕಾರರು ಕೂಡ ಅದರಲ್ಲಿದ್ದರು. ಆದರೆ 1554ರಲ್ಲಿ ಅವಳ ಪಾರ್ಲಿಮೆಂಟ್ ಒಂದು ಕಾಯ್ದೆ ಮಾಡಿತು. ರಾಜನಿಗೆ ಇರುವ ಅಧಿಕಾರ ಪೂರ್ತಿಯಾಗಿ ರಾಣಿಗೂ ಇದೆ ಎಂದು. ಅಲ್ಲಿಯ ತನಕ ಅದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ಆಮೇಲಿನ ಐದೂ ಜನ ಆ ಕಾಗದದ ಮೇಲೆ ನಿಂತವರೇ. ಎರಡನ್ನೂ ಹೇಳಬೇಕು. ಒಂದು ಹೇಳಿ ಒಂದು ಬಿಡಬಾರದು.

ಕೊನೆಗೆ ಆ ತಮ್ಮನ ನಿಯಮ ಯಾವಾಗ ಹೋಯಿತು ಎಂದು ನಾನು ಹೇಳಲಿಲ್ಲ. 2013ರಲ್ಲಿ ಕಾಯ್ದೆ ಆಯಿತು, 2015ರಲ್ಲಿ ಜಾರಿಗೆ ಬಂತು. ನಮ್ಮಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ಅಷ್ಟರಲ್ಲಿ ಮದುವೆಯಾಗಿದ್ದ ನನ್ನಂಥವರು ಅದರಲ್ಲಿ ಬರಲಿಲ್ಲ. ನಾವು 2005ರ ತನಕ ಕಾದೆವು. ಕೇಂದ್ರದ ಕಾನೂನು ಬಂದ ವಾರ ನಮ್ಮ ತಮ್ಮ ತಾನೇ ಫೋನ್ ಮಾಡಿ, “ಅಕ್ಕಾ, ಕೆರೆ ಕೆಳಗಿನ ಹೊಲದಲ್ಲಿ ನಿನ್ನ ಪಾಲು ಬರೆಸೋಣ ಬಾ” ಅಂದ. ಆ ಹೊಲದಲ್ಲಿ ಈಗ ನನ್ನ ಇಪ್ಪತ್ತೆರಡು ತೆಂಗಿನ ಮರ ಇವೆ.

ಬ್ರಿಟನ್ನಿನಲ್ಲಿ ಆ ಕಾಯ್ದೆ ಕೆಲಸ ಮಾಡಿದ್ದನ್ನು ಒಂದು ಪುಟ್ಟ ಹುಡುಗಿಯಲ್ಲಿ ನೋಡಬಹುದು. ಈಗಿನ ಯುವರಾಜ ವಿಲಿಯಂನ ಮಗಳು ಶಾರ್ಲೆಟ್, 2015ರಲ್ಲಿ ಹುಟ್ಟಿದವಳು. 2018ರ ಏಪ್ರಿಲ್‌ನಲ್ಲಿ ಅವಳಿಗೆ ತಮ್ಮ ಲೂಯಿಸ್ ಹುಟ್ಟಿದ. ಅವಳು ಇದ್ದ ಜಾಗದಲ್ಲೇ ಇದ್ದಳು. ತಮ್ಮ ಅವಳ ಹಿಂದೆ ನಿಂತ.

ಪ್ರಶ್ನೆ ಕೇಳಿದವರು: ಪಿ.ಜೆ. ಬಡಾವಣೆ, ದಾವಣಗೆರೆ

ಮೇಡಂ, ಸರ್, ಅಣ್ಣ, ಮೂವರಿಗೂ ನಮಸ್ಕಾರ. ಎಲ್ಲವನ್ನೂ ರಾತ್ರಿ ಜೋರಾಗಿ ಓದಿ ಹೇಳಿದೆ. ಅತ್ತೆಯೂ ಕೂತು ಕೇಳಿದರು. ಆನ್ ರಾಣಿಯ ಮಕ್ಕಳ ವಿಷಯ ಬಂದಾಗ ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು, “ಮುಂದೆ ಓದು” ಅಂದರು.

ಮಗಳು ಭೂತಗನ್ನಡಿ ಹಿಡಿದು 1862ರ ರೂಪಾಯಿಯಲ್ಲಿ ಎರಡು ಚುಕ್ಕಿ ಕಂಡುಹಿಡಿದಿದ್ದಾಳೆ. ತೂಕ ನಾಳೆ ಮಂಡಿಪೇಟೆಗೆ ಬಂದು ನೋಡುತ್ತೇವೆ. ಶಾಲೆಯಲ್ಲಿ ಮಾತನ್ನು ಎರಡು ನಾಣ್ಯ ಮತ್ತು ಬರದಿಂದ ಶುರು ಮಾಡುತ್ತಾಳಂತೆ. ನಾಲ್ಕು ವರ್ಷದ ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಅಭ್ಯಾಸ ನಡೆದಿದೆ.

ಮೇಡಂ, ಅವಳಿಗೆ ರಾಣಿಯ ಹೆಸರಿನ ಕಟ್ಟೆ ನೋಡಬೇಕಂತೆ. ಭಾನುವಾರ ಬೆಳಿಗ್ಗೆ ನಾವೆಲ್ಲ ಬಸ್ಸಿನಲ್ಲಿ ಹಿರಿಯೂರಿಗೆ ಬರುತ್ತೇವೆ, ಅತ್ತೆಯೂ ಸೇರಿ. ದುರ್ಗದಲ್ಲಿ ನೀವೂ ಅದೇ ಬಸ್ಸು ಹತ್ತುತ್ತೀರಾ?